ಬ್ಯಾಂಡ್‌ಸಾ ಗೈಡ್ ಬದಲಾಯಿಸಿದ್ರೆ ಕಟ್ಟಿಂಗ್ ನೇರ ಆಗತ್ತಾ, ಇಲ್ಲಾ ದುಡ್ಡು ದಂಡಾನಾ?

ತುಂಗಾತೀರದ ಹವ್ಯಾಸಿ (ಭಾನುವಾರ ರಾತ್ರಿ)

ಎಲ್ರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದೋರು ಓದಿ.

ನಾನು ಕಸುಬಿನ ಬಡಗಿ ಅಲ್ಲ, ಸೊಸೈಟಿಲಿ ಲೆಕ್ಕ ಬರಿಯೋನು. ತೀರ್ಥಹಳ್ಳಿ ಹತ್ರ ಮನೆ, ದನ ಕೊಟ್ಟ ಮೇಲೆ ಕೊಟ್ಟಿಗೆ ಖಾಲಿ ಬಿದ್ದಿತ್ತು, ಅದಕ್ಕೇ ವರ್ಕ್‌ಶಾಪ್ ಅಂತ ಹೆಸರಿಟ್ಕೊಂಡು ರಜಾ ದಿನ ಅಲ್ಲೇ ಬಿದ್ದಿರ್ತೀನಿ. ಹೋದ ವರ್ಷ ಶಿವಮೊಗ್ಗದಲ್ಲಿ ಒಂದು ಫರ್ನಿಚರ್ ಅಂಗಡಿ ಮುಚ್ಚೋವಾಗ 14 ಇಂಚಿನ ಬ್ಯಾಂಡ್‌ಸಾ (ಎರಡು ವೀಲ್ ಮೇಲೆ ಪಟ್ಟಿ ಥರದ ಬ್ಲೇಡು ಸುತ್ತೋ ಗರಗಸದ ಮಿಷಿನ್ನು) ಒಂದು ಸಿಕ್ತು, ಬೀಡು ಕಬ್ಬಿಣದ ಬಾಡಿ, 1 ಎಚ್‌ಪಿ ಸಿಂಗಲ್ ಫೇಸ್ ಮೋಟ್ರು, ಯಾರು ಮಾಡಿದ್ದು ಅಂತ ಪ್ಲೇಟೇ ಇಲ್ಲ, ಕಿತ್ತು ಹೋಗಿದೆ. ಸಣ್ಣ ಪುಟ್ಟ ಕೆಲ್ಸಕ್ಕೆ ಚೆನ್ನಾಗೇ ಓಡ್ತಿತ್ತು.

ಈಗ ಸಮಸ್ಯೆ ಏನು ಅಂದ್ರೆ, 2019ರ ಮಳೆಗೆ ನಮ್ಮ ಹಿತ್ಲಲ್ಲಿ ಒಂದು ಹಲಸಿನ ಮರ ಬಿತ್ತು, ಅದನ್ನ ಆಗ್ಲೇ ಮಿಲ್ಲಲ್ಲಿ ಎರಡೂವರೆ ಇಂಚಿನ ಹಲಗೆ ಹೊಡ್ಸಿ ಅಟ್ಟದ ಮೇಲೆ ಪಟ್ಟಿ ಕೊಟ್ಟು ಪೇರ್ಸಿಟ್ಟಿದ್ದೆ, ಈಗ ಚೆನ್ನಾಗಿ ಒಣಗಿದೆ, ಅದನ್ನ ನಿಲ್ಸಿ ಸೀಳಿ ಮೂರು ನೂಲು (ಒಂದು ನೂಲು ಅಂದ್ರೆ ಇಂಚಿನ ಎಂಟನೇ ಒಂದು ಭಾಗ) ದಪ್ಪದ ಹಲಗೆ ತೆಗೆದು ದೇವರ ಮಂಟಪ ಮಾಡೋಣ ಅಂತ. 3 ಇಂಚು ಎತ್ತರದ ತುಂಡಾದ್ರೆ ಪರವಾಗಿಲ್ಲ. 6 ಇಂಚಿಂದು ಹಾಕಿದ್ರೆ ಮೇಲುಗಡೆ ಗೆರೆ ಮೇಲೇ ಹೋಗ್ತಾ ಇರತ್ತೆ, ನಾನೂ ಖುಷಿಯಾಗಿ ತಳ್ತಾ ಇರ್ತೀನಿ, ತುಂಡು ಬಿದ್ದ ಮೇಲೆ ನೋಡಿದ್ರೆ ನಡುವೆ ಹೊಟ್ಟೆ. ಒಂದು ಹಲಗೆ ಗರ್ಭಿಣಿ ಥರ, ಇನ್ನೊಂದು ಮರಿಗೆ ಥರ. ಮೂರು ಹಲಗೆ ಹೀಗೇ ಸೌದೆ ಒಲೆಗೆ ಹೋಯ್ತು, ಹೊಟ್ಟೆ ಉರಿತಾ ಇದೆ.

ನನ್ನ ಮಿಷಿನಲ್ಲಿ ಗೈಡ್, ಅಂದ್ರೆ ಬ್ಲೇಡು ಆಚೀಚೆ ಹೋಗದಂಗೆ ಹಿಡಿಯೋದು, ಬ್ಲೇಡಿನ ಎರಡೂ ಕಡೆ ಕಬ್ಬಿಣದ ಚೌಕ ತುಂಡು, ಹಿಂದೆ ಒಂದು ಬೇರಿಂಗು, ಅಷ್ಟೇ. ವಿಡಿಯೋಗಳಲ್ಲಿ ನೋಡಿದ್ರೆ ಎಲ್ರೂ ಅದನ್ನ ಕಿತ್ತು ಮೂರೂ ಕಡೆ ಬೇರಿಂಗ್ ಇರೋ ಗೈಡ್ ಹಾಕ್ಕೊಂಡು ಮೇಣದ ಥರ ಕೊಯ್ತಾರೆ. ಅಂಥ ಸೆಟ್ ಆನ್‌ಲೈನಲ್ಲಿ ಸಾಗಣೆ ಎಲ್ಲಾ ಸೇರಿ 11,000 ತೋರಿಸ್ತಿದೆ. ನಮ್ಮ ಭಾವ ಹೇಳೋದು "ಮಿಷಿನ್ನಿಗೇ ಅಷ್ಟು ಕೊಟ್ಟಿಲ್ಲ, ಗೈಡಿಗೆ ಕೊಡ್ತೀಯಾ" ಅಂತ. ಹಾಕ್ಸಿದೋರು ಯಾರಾದ್ರೂ ಇದ್ರೆ ಹೇಳಿ, ನಿಜವಾಗ್ಲೂ ವ್ಯತ್ಯಾಸ ಆಗತ್ತಾ?

---

ಪೀಣ್ಯ ಫಿಟ್ಟರ್

ಸಾರ್ ದುಡ್ಡು ಜೇಬಲ್ಲೇ ಇಟ್ಕೊಂಡು ಮೊದ್ಲು ಇಷ್ಟು ಹೇಳಿ. ಬ್ಲೇಡು ಎಷ್ಟು ಅಗಲ, ಒಂದು ಇಂಚಲ್ಲಿ ಎಷ್ಟು ಹಲ್ಲಿದೆ, ಹಾಕಿ ಎಷ್ಟು ದಿನ ಆಯ್ತು, ಟೇಬಲ್ ಕೆಳಗಿನ ಗೈಡ್ ಕೊನೇ ಸಲ ಯಾವಾಗ ನೋಡಿದ್ರಿ. ಕೊನೇದಕ್ಕೆ ಉತ್ತರ "ನೋಡೇ ಇಲ್ಲ" ಅಂತ ನಂಗೊತ್ತು, ಯಾರೂ ನೋಡಲ್ಲ.

ಗೈಡ್ ಅನ್ನೋದನ್ನ ಜನ ಸ್ಟೇರಿಂಗ್ ಅನ್ಕೊಂಡಿದಾರೆ, ಅಲ್ಲ. ಒಬ್ಬ ಕುಡಿದೋನನ್ನ ಭುಜ ಒಬ್ಬ, ಕಾಲು ಒಬ್ಬ ಹಿಡ್ಕೊಂಡ್ರೆ ನಡು ಹೆಂಗೆ ಬೇಕೋ ಹಂಗೆ ವಾಲತ್ತೆ ನೋಡಿ, ಅದೇ ಕಥೆ. ಗೈಡ್ ಇರೋದು ಮರದ ಮೇಲೆ ಒಂದು, ಟೇಬಲ್ ಕೆಳಗೆ ಒಂದು. ಮಧ್ಯದ 6 ಇಂಚು ಮರದ ಒಳಗಡೆ ಬ್ಲೇಡು ಒಂಟಿ, ಅಲ್ಲಿ ಅದನ್ನ ನೇರ ಇಡೋದು ಎರಡೇ, ಬ್ಲೇಡಿನ ಬಿಗಿ ಮತ್ತೆ ಹಲ್ಲಿನ ಹರಿತ. ಹೊಟ್ಟೆ ಬರ್ತಿದೆ ಅಂದ್ರೆ ಬ್ಲೇಡು ಮೊಂಡು, ಇಲ್ಲ ಲೂಸು, ಇಲ್ಲ ಹಲ್ಲು ಜಾಸ್ತಿಯಾಗಿ ಹೊಟ್ಟು ಆಚೆ ಬರಕ್ಕೆ ಜಾಗ ಇಲ್ಲ, ಇಲ್ಲ ನೀವು ಅವಸರದಲ್ಲಿ ತಳ್ತಾ ಇದೀರ. ಇದ್ರಲ್ಲಿ ಒಂದನ್ನೂ 11 ಸಾವಿರದ ಗೈಡ್ ಸರಿ ಮಾಡಲ್ಲ.

ಇನ್ನೊಂದು ಲೆಕ್ಕ ಹೇಳ್ತೀನಿ. 14 ಇಂಚಿನ ವೀಲು ನಿಮಿಷಕ್ಕೆ 850 ಸುತ್ತು ಅಂತಿಟ್ಕೊಳಿ, ಬ್ಲೇಡು ನಿಮಿಷಕ್ಕೆ ಹತ್ರಹತ್ರ 950 ಮೀಟ್ರು ಓಡತ್ತೆ. ಆ ಕಿಟ್‌ಗಳಲ್ಲಿ 608 ನಂಬರ್ ಬೇರಿಂಗ್ ಇತ್ತು ಅಂದ್ರೆ ಅದರ ಹೊರಗಿನ ವ್ಯಾಸ 22 ಮಿಮಿ, ಬ್ಲೇಡು ತಾಗಿದಾಗ ಅದು ನಿಮಿಷಕ್ಕೆ 13-14 ಸಾವಿರ ಸುತ್ತು ತಿರುಗ್ಬೇಕು. ಹೊಟ್ಟಿನ ಮಧ್ಯೆ. ಹಂಗಾಗಿ ಬೇರಿಂಗ್ ಗೈಡನ್ನ ಒತ್ತಿ ಕೂರ್ಸಿದ್ರೆ ಆರು ತಿಂಗ್ಳಿಗೆ ಕಿಚಿಪಿಚಿ ಶುರು. ಕಬ್ಬಿಣದ ತುಂಡಾಗ್ಲಿ ಬೇರಿಂಗಾಗ್ಲಿ ಪಕ್ಕದಲ್ಲಿ ಒಂದು ಹಾಳೆಯಷ್ಟು ಸಂದು ಬಿಡ್ಬೇಕು, ಹಿಂದಿನ ಬೇರಿಂಗು ಖಾಲಿ ಓಡೋವಾಗ ತಾಗಬಾರ್ದು, ಮರ ತಳ್ಳಿದಾಗ ಮಾತ್ರ ತಿರುಗ್ಬೇಕು. ಪಕ್ಕದ ಗೈಡಿನ ಮುಂದಿನ ಅಂಚು ಹಲ್ಲಿನ ಬುಡಕ್ಕಿಂತ ಹಿಂದೇನೇ ನಿಲ್ಬೇಕು, ಮುಂದೆ ಬಂದ್ರೆ ಹಲ್ಲಿನ ಸೆಟ್ಟಿಂಗ್ (ಹಲ್ಲು ಒಂದು ಆ ಕಡೆ ಒಂದು ಈ ಕಡೆ ಬಗ್ಗಿರೋದು) ಒಂದೇ ನಿಮಿಷದಲ್ಲಿ ಸಪಾಟು.

ಕರೆಂಟ್ ಪ್ಲಗ್ ಕಿತ್ತು ಆಮೇಲೆ ಕೈ ಹಾಕಿ, ಸ್ವಿಚ್ ಆಫ್ ಮಾಡಿದ್ರೆ ಸಾಲ್ದು. ನಮ್ಮ ಶೆಡ್ಡಲ್ಲಿ ಒಬ್ರಿಗೆ ಎರಡು ಬೆರಳಿಲ್ಲ.

---

ಹುಬ್ಳಿ ಕಟ್ಟಿಗಿ ಅಡ್ಡೆ

ಫಿಟ್ಟರ್ ಸಾಹೇಬ್ರು ಬರೋಬರಿ ಹೇಳ್ಯಾರ್ರಿ. ನಮ್ಮದು ಸಾಮಿಲ್, ಅಜ್ಜನ ಕಾಲದಿಂದ. ನಮ್ಮ ಬ್ಲೇಡು 4 ಇಂಚು ಅಗಲ, ದಿನಾ ಟನ್‌ಗಟ್ಲೆ ತೊಲಿ ಸೀಳ್ತೈತಿ, ಅದಕ್ಕ ಗೈಡು ಅಂದ್ರ ಏನಂತೀರಿ? ಎರಡು ಕಟ್ಟಿಗಿ ತುಂಡ್ರಿ! ಹುಣಸಿ ಮರದ ಚೇಗು, ಅಂದ್ರ ಒಳಗಿನ ಗಟ್ಟಿ ಭಾಗ, ಕೊಯ್ದು ಮೇಣದಾಗ ಕುದಿಸಿ ಹಾಕ್ತೀವಿ, ಸವದ್ರ ಒಗದು ಬ್ಯಾರೆ ಹಾಕೂದು. ಬೇರಿಂಗು ಗೀರಿಂಗು ಏನೂ ಇಲ್ಲ. ಮ್ಯಾಲಿಂದ ಹನಿ ಹನಿ ಡೀಸಲ್ ಬೀಳ್ತಿರತೈತಿ, ಅಂಟು ಹಿಡೀಬಾರ್ದಂತ.

ನಮ್ಮಲ್ಲಿ ಪಗಾರ ಹೆಚ್ಚಿಗಿ ಇರೂದು ಯಾರಿಗಿ ಅಂದ್ರ ಮಿಷಿನ್ ಓಡ್ಸಾವಂಗಲ್ಲ, ಹಲ್ಲು ಅರ ಹಾಕಾವಂಗ. ಸಾ ಡಾಕ್ಟರ್ ಅಂತೀವಿ. ಅಂವ ಒಂದಿನಾ ಬರಲಿಲ್ಲಂದ್ರ ಅವತ್ತ ಮಿಲ್ ಬಂದ್. ಸಾಗವಾನಿ ಕೊಯ್ಯೂ ಮುಂದ ನೋಡ್ರಿ, ಮೆತ್ತಗ ಇರತೈತಿ ಖರೆ, ಆದ್ರ ಒಳಗ ಮರಳಿನ ಅಂಶ ಇರತೈತಿ, ಹಲ್ಲು ಬಡಾ ಬಡಾ ಹೋಗ್ತಾವ. ಮೊಂಡ ಬ್ಲೇಡಿಟಗೊಂಡು ಗೈಡ್ ಸರಿ ಇಲ್ಲ ಅನ್ನೂದು, ಕುಣೀಲಿಕ್ಕಿ ಬರದಾಕಿ ನೆಲಾ ಡೊಂಕು ಅಂದ್ಳಂತ, ಹಂಗಾತು.

ಸಿಟ್ಟಾಗಬ್ಯಾಡ್ರಿ ಹವ್ಯಾಸಿ ಸಾಹೇಬ್ರ, ನಿಮಗಲ್ಲ, ವಿಡಿಯೋ ಮಾಡಾವ್ರಿಗಿ ಅಂದದ್ದು.

---

ಕಡಲ ಬದಿ ಆಚಾರಿ

ಎಲ್ರೂ ಒಂದೇ ಕಡೆ ಮಾತಾಡ್ತಾ ಇದ್ದೀರಲ್ಲ ಮಾರಾಯ್ರೆ, ನಾನು ಹಾಕ್ಸಿದವ ಒಬ್ಬ ಇದ್ದೇನೆ. ಮೂಡಬಿದ್ರೆ ಹತ್ರ ನಮ್ಮ ಶೆಡ್ಡು, ಬಾಗಿಲು ದಾರಂದ, ತೊಟ್ಟಿಲು, ಮರದ ಆಟಿಕೆ ಎಲ್ಲ ಮಾಡ್ತೇವೆ. ನಾಲ್ಕು ವರ್ಷದ ಹಿಂದೆ ಬೇರಿಂಗ್ ಗೈಡ್ ಹಾಕಿದ್ದು, ನನಗೆ ದುಡ್ಡು ದಂಡ ಅಂತ ಅನ್ಸಲಿಲ್ಲ.

ಆದ್ರೆ ಯಾಕೆ ಅಂತ ಸರಿಯಾಗಿ ಹೇಳ್ಬೇಕು. ಕಟ್ಟಿಂಗ್ ನೇರ ಆದದ್ದಲ್ಲ, ಅದು ಮುಂಚೆಯೂ ನೇರವೇ ಇತ್ತು. ನನ್ನ ಹಳೇ ಗೈಡಿನ ಹೋಲ್ಡರು ಇತ್ತಲ್ಲ, ಅದು ಸೀಸದ ಹಾಗಿನ ಎಂತದೋ ಲೋಹದ್ದು, ಸ್ಕ್ರೂ ಬಿಗಿ ಮಾಡ್ಲಿಕ್ಕೆ ಹೋದ್ರೆ ತುಂಡು ಜಾರಿ ಬ್ಲೇಡನ್ನು ಒತ್ತುವುದು, ಸಡಿಲ ಮಾಡಿದ್ರೆ ಹಿಂದೆ ಹೋಗುವುದು. ನಾನು ದಿನಕ್ಕೆ ಎರಡು ಮೂರು ಸಲ ಬ್ಲೇಡ್ ಬದಲಾಯಿಸುವವ, ನಾಲ್ಕು ನೂಲಿದ್ದು ತೆಗೆದು ಎರಡು ನೂಲಿದ್ದು, ಅದು ತೆಗೆದು ಮತ್ತೆ ನಾಲ್ಕು ನೂಲಿದ್ದು. ಪ್ರತೀ ಸಲ ಅರ್ಧ ಗಂಟೆ ಅದರ ಜೊತೆ ಕುಸ್ತಿ. ಈಗ ಕೈಯಲ್ಲೇ ತಿರುಗಿಸುವ ಗುಬ್ಬಿ ಉಂಟು, ಐದು ನಿಮಿಷದಲ್ಲಿ ಆಯ್ತು. ಆ ಅರ್ಧ ಗಂಟೆಯ ಬೆಲೆ ಲೆಕ್ಕ ಹಾಕಿದ್ರೆ ಗೈಡಿನ ದುಡ್ಡು ಒಂದು ಮಳೆಗಾಲದಲ್ಲಿ ಬಂದಿದೆ. ತಿಂಗಳಿಗೆ ಒಂದು ಸಲ ಬ್ಲೇಡ್ ಬದಲಾಯಿಸುವವರಿಗೆ ಇದು ಬೇಡವೇ ಬೇಡ.

ಇನ್ನೊಂದು, ಮಳೆಗಾಲ ಅಂದಾಗ ನೆನಪಾಯ್ತು. ನಮ್ಮ ಊರಿನ ಗಾಳಿಗೆ ಬೇರಿಂಗ್ ಒಂದು ದೊಡ್ಡ ರಗಳೆ. ಮೊದಲನೇ ವರ್ಷ ಜುಲೈಯಲ್ಲಿ ಹದಿನೈದು ದಿನ ಮಿಷಿನ್ ಮುಟ್ಟಲಿಲ್ಲ, ಬಂದು ನೋಡಿದ್ರೆ ಆರರಲ್ಲಿ ನಾಲ್ಕು ತುಕ್ಕು ಹಿಡಿದು ತಿರುಗುವುದೇ ಇಲ್ಲ. ಅದು ಎರಡು ಬದಿ ಬರೀ ತಗಡಿನ ಮುಚ್ಚಳ ಇದ್ದದ್ದು, ಹಿಂದೆ ಜ಼ಡ್ ಜ಼ಡ್ ಅಂತ ಬರೆದಿರ್ತದೆ. ರಬ್ಬರ್ ಸೀಲಿನದ್ದು, 2 ಆರ್‌ಎಸ್ ಅಂತ ಇರುವುದು, ಅದನ್ನು ಹಾಕಿದ ಮೇಲೆ ಆ ತೊಂದರೆ ಕಡಿಮೆ ಆಯ್ತು. ಹೊಟ್ಟು ಒಳಗೆ ಹೋಗುವುದೂ ಕಡಿಮೆ.

ಮತ್ತೆ ಒಂದು ನೂಲಿನ ಬ್ಲೇಡ್ ಹಾಕುವಾಗ ಈಗಲೂ ಬೇರಿಂಗ್ ತೆಗೆದು ಮರದ ತುಂಡೇ ಹಾಕುವುದು ನಾನು. ಅಷ್ಟು ಸಣ್ಣ ಬ್ಲೇಡಿಗೆ ಹಲ್ಲು ಬಿಟ್ರೆ ಹಿಂದೆ ಜಾಗ ಎಲ್ಲಿ ಉಂಟು? ಮರ ಆದ್ರೆ ಹಲ್ಲಿಗೆ ತಾಗಿದ್ರೂ ಎಂತ ಆಗುದಿಲ್ಲ. ಹುಬ್ಳಿಯವರ ಹುಣಸೆ ಮರಕ್ಕೆ ನನ್ನದೂ ಒಂದು ಓಟು.

---

ಒಹಾಯೋ ಹಳ್ಳಿಹೈದ

ಇಲ್ಲಿ ಅಮೆರಿಕಾದಲ್ಲಿ ಈ ಗೈಡ್ ಹುಚ್ಚು ಎಷ್ಟಿದೆ ಅಂದ್ರೆ ಮಿಷಿನ್ ತಗೊಂಡ ವಾರಕ್ಕೇ ಗೈಡ್ ಬದಲಾಯಿಸ್ತಾರೆ. ನಾನೂ ಮಾಡಿದೆ. ಹಾಸನದ ಕಡೆಯೋನು, ಇಲ್ಲಿ ಐಟಿ ಕೆಲ್ಸ, ಗ್ಯಾರೇಜಲ್ಲಿ ಮರಗೆಲಸ, ಚಳಿಗಾಲದಲ್ಲಿ ಬೇರೆ ಏನು ಮಾಡೋದು.

ಆ 14 ಇಂಚಿನ ಮಿಷಿನ್‌ಗಳಲ್ಲಿ ಬಹಳಷ್ಟು ಹಳೇ ಡೆಲ್ಟಾ ಕಂಪ್ನಿ ಮಾದರಿ ನೋಡ್ಕೊಂಡು ತೈವಾನು ಚೀನಾದಲ್ಲಿ ಮಾಡಿದ್ದು. 93.5 ಇಂಚಿನ ಬ್ಲೇಡು, 6 ಇಂಚು ಎತ್ತರ ಸೀಳಬಹುದು, ಕುತ್ತಿಗೆಗೆ 6 ಇಂಚಿನ ತುಂಡು ಸೇರ್ಸಿದ್ರೆ 12 ಇಂಚು, ಆಗ ಬ್ಲೇಡು 105 ಇಂಚು. ಆನ್‌ಲೈನಲ್ಲಿ ಸಿಗೋ ಗೈಡ್ ಸೆಟ್‌ಗಳು ಸುಮಾರು ಈ ಮಾದರಿಗೇ ಅಂತ ಮಾಡಿರೋದು. ನಿಮ್ಮ ಮಿಷಿನ್ನಿಗೆ ಹೆಸ್ರೇ ಇಲ್ಲ ಅಂತೀರ, ಹಂಗಾಗಿ ಗೈಡ್ ನೇತಾಕೋ ರಾಡಿನ ಅಳತೆ ನೋಡ್ದೆ ಆರ್ಡರ್ ಮಾಡ್ಬೇಡಿ. ವಾಪಸ್ ಕಳ್ಸೋ ಖರ್ಚಲ್ಲಿ ಎರಡು ಬ್ಲೇಡ್ ಬರತ್ತೆ.

ನನ್ನ ಅನುಭವ ಹೇಳ್ತೀನಿ, ಸ್ವಲ್ಪ ನಾಚಿಕೆ ವಿಷ್ಯ. ಗೈಡ್ ಹಾಕಿದ ದಿನ ಕಟ್ಟಿಂಗ್ ಎಷ್ಟು ಚೆನ್ನಾಗಿ ಬಂತು ಅಂದ್ರೆ ಹೆಂಡ್ತೀನ ಕರ್ದು ತೋರಿಸ್ದೆ. ಊರಿಗೆಲ್ಲಾ ಹೇಳ್ಕೊಂಡು ಬಂದೆ. ಎರಡು ತಿಂಗ್ಳಾದ ಮೇಲೆ ಮತ್ತೆ ಹಳೇ ರಾಗ, ಹೊಟ್ಟೆ. ಆಮೇಲೆ ಹೊಳೀತು, ಗೈಡ್ ಹಾಕಿದ ದಿನಾನೇ ಹೊಸ ಬ್ಲೇಡೂ ಹಾಕಿದ್ದೆ, ವೀಲ್ ಒರೆಸಿದ್ದೆ, ಟೇಬಲ್‌ಗೆ ಮೂಲೆಮಟ್ಟ ಹಿಡ್ದು ನೋಡಿದ್ದೆ, ಎಲ್ಲಾ ಸಂದೂ ಹಾಳೆ ಇಟ್ಟು ಸೆಟ್ ಮಾಡಿದ್ದೆ. ಹೆಸರು ಬಂದಿದ್ದು ಮಾತ್ರ ಗೈಡಿಗೆ. "ಗೈಡ್ ಹಾಕ್ಸಿದ ಮೇಲೆ ಮಿಷಿನ್ನೇ ಬದಲಾಯ್ತು" ಅನ್ನೋ ಪ್ರತಿಯೊಬ್ರನ್ನೂ ಕೇಳಿ ನೋಡಿ, ಅವತ್ತು ಇನ್ನೇನೇನು ಮಾಡಿದ್ರು ಅಂತ.

ಬ್ಲೇಡಿನ ಬಿಗಿ ವಿಷ್ಯ. ಮಿಷಿನ್ ಮೇಲಿರೋ ಸ್ಕೇಲ್ ನಂಬ್ಬೇಡಿ, ಸ್ಪ್ರಿಂಗ್ ಹಳೇದಾದ್ರೆ ಅದು ಸುಳ್ಳು ಹೇಳತ್ತೆ. ವರ್ನಿಯರ್ ಕ್ಯಾಲಿಪರ್ ಇದ್ಯಾ? ಬ್ಲೇಡನ್ನ ಬರೀ ಸಡಿಲ ಹೋಗೋವಷ್ಟು ಬಿಗಿ ಮಾಡಿ, 250 ಮಿಮಿ ಅಂತರದಲ್ಲಿ ಎರಡು ಸಣ್ಣ ಕ್ಲ್ಯಾಂಪ್ ಹಾಕಿ, ಕ್ಲ್ಯಾಂಪಿಗೆ ಕ್ಯಾಲಿಪರ್ ಬಾಯಿ ಕಚ್ಚಿಸಿ ಅಳತೆ ಬರ್ಕೊಳಿ. ಆಮೇಲೆ ಬಿಗಿ ಮಾಡ್ತಾ ಹೋಗಿ, 0.12 ಮಿಮಿ ಉದ್ದ ಆದ್ರೆ ಚದರ ಇಂಚಿಗೆ ಸುಮಾರು 15,000 ಪೌಂಡ್ ಬಿಗಿ ಬಂದಿದೆ ಅಂತ ಲೆಕ್ಕ, ಸಾದಾ ಕಾರ್ಬನ್ ಸ್ಟೀಲ್ ಬ್ಲೇಡಿಗೆ ಅಷ್ಟು ಬೇಕು. ಉಕ್ಕು ಎಲ್ಲಿದ್ರೂ ಒಂದೇ ಥರ ಹಿಗ್ಗತ್ತೆ, ಸ್ಪ್ರಿಂಗ್ ಥರ ಸುಳ್ಳು ಹೇಳಲ್ಲ. ಕೆಲ್ಸ ಮುಗಿದ ಮೇಲೆ ಸಡಿಲ ಬಿಡಿ, ಇಲ್ದಿದ್ರೆ ವೀಲಿನ ರಬ್ಬರ್ ಒಂದು ಕಡೆ ತಗ್ಗು ಬೀಳತ್ತೆ.

ಸೆರಾಮಿಕ್ ಗೈಡ್ ಅಂತ ಇನ್ನೊಂದು ಬಂದಿದೆ, ತಿರುಗೋ ಭಾಗಾನೇ ಇಲ್ಲ, ಕಲ್ಲಿನ ಥರ ಗಟ್ಟಿ, ಅಂಟಿದ ರಾಳ ಅದೇ ಕೆರೆದು ಹಾಕತ್ತೆ. ಚೆನ್ನಾಗಿದೆ. ಆದ್ರೆ ನಿಮ್ಮ ಪ್ರಶ್ನೆಗೆ ಅದೂ ಉತ್ತರ ಅಲ್ಲ.

---

ತುಂಗಾತೀರದ ಹವ್ಯಾಸಿ (ಬುಧವಾರ)

ಎಲ್ರಿಗೂ ದೊಡ್ಡ ಥ್ಯಾಂಕ್ಸ್. ಪ್ಲಗ್ ಕಿತ್ತೇ ಕೂತಿದ್ದೆ ಫಿಟ್ಟರ್ ಸಾರ್.

ಟೇಬಲ್ ಕೆಳಗೆ ನೋಡಿದೆ, ಮರ್ಯಾದೆ ಹೋಯ್ತು. ಹೊಟ್ಟು ಗಟ್ಟಿಯಾಗಿ ಗೆದ್ದಲು ಹುತ್ತದ ಥರ ಆಗಿತ್ತು, ಸ್ಕ್ರೂಡ್ರೈವರಲ್ಲಿ ಕುಟ್ಟಿ ತೆಗೆದೆ. ಒಳಗೆ ಹಿಂದಿನ ಬೇರಿಂಗು ಸಿಕ್ತು, ತಿರುಗೋದೇ ಇಲ್ಲ, ಬ್ಲೇಡಿನ ಬೆನ್ನು ಅದರ ಮುಖದ ಮೇಲೆ ಒಂದು ಗೀರು ಕೊರ್ದಿದೆ, ಉಗುರು ಇಟ್ರೆ ಸಿಕ್ಕಾಕೊಳತ್ತೆ ಅಷ್ಟು ಆಳ. ಅಂದ್ರೆ ಹಿಂದಿನ ಮಾಲೀಕರ ಕಾಲದಿಂದಾನೂ ಹಂಗೇ ಓಡಿದೆ. ನಂಬರ್ 608 ಅಂತಾನೇ ಇತ್ತು, ಶಿವಮೊಗ್ಗದಲ್ಲಿ ಬೇರಿಂಗ್ ಅಂಗಡಿಲಿ ಒಂದಕ್ಕೆ 50 ರೂಪಾಯಿ, ರಬ್ಬರ್ ಸೀಲಿಂದೇ ಕೇಳಿ ಎರಡು ತಂದೆ, ಮೇಲಕ್ಕೊಂದು ಕೆಳಗೊಂದು.

ಹಲ್ಲು ಎಣಿಸಿದೆ. ಇಂಚಿಗೆ 10! ಅದು ಸಣ್ಣ ಕೆಲ್ಸದ ಬ್ಲೇಡಂತೆ, ಅಂಗಡಿಯೋನು ನಕ್ಬಿಟ್ಟ, "ಇದ್ರಲ್ಲಿ 6 ಇಂಚು ಹಲಸು ಸೀಳಕ್ಕೆ ಹೋಗಿದ್ರಾ, ಹಲ್ಲಿನ ಸಂದಿಲಿ ಹೊಟ್ಟು ಎಲ್ಲಿಗೆ ಹೋಗ್ಬೇಕು ಸಾರ್" ಅಂದ. ಇಂಚಿಗೆ 3 ಹಲ್ಲಿನ ನಾಲ್ಕು ನೂಲು ಅಗಲದ್ದು ರೋಲಿಂದ ಕತ್ತರಿಸಿ ಬೆಸುಗೆ ಹಾಕಿ ಕೊಟ್ಟ. ಮೊದ್ಲು ಓಡಿಸಿದಾಗ ಟಕ್ ಟಕ್ ಅಂತಿತ್ತು, ಬೆಸುಗೆ ಜಾಗ ಬೆನ್ನಲ್ಲಿ ಸ್ವಲ್ಪ ಉಬ್ಬಿತ್ತು, ಅರ ಹಾಕಿ ಸಮ ಮಾಡ್ದೆ, ನಿಂತ್ಹೋಯ್ತು. ಕ್ಯಾಲಿಪರ್ ಕೆಲ್ಸ ಸೊಸೈಟಿ ಪಕ್ಕದ ಗ್ಯಾರೇಜಿಂದ ಇಸ್ಕೊಂಡು ಬಂದು ಮಾಡಿದೆ, ಸ್ಕೇಲ್ ಪೂರ್ತಿ ತೋರಿಸೋ ಜಾಗದಲ್ಲಿ ಬಿಗಿ ಅರ್ಧಾನೂ ಇರ್ಲಿಲ್ಲ. ಒಹಾಯೋ ಅವ್ರು ಹೇಳಿದ್ದು ಸತ್ಯ.

ಫಲಿತಾಂಶ: ಹೊಟ್ಟೆ ಮಾಯ! ನಿಧಾನಕ್ಕೆ ತಳ್ಳಿದ್ರೆ ಮುಖ ಕೈಯಲ್ಲಿ ಸವರಿದ್ರೆ ಒಂದೇ ಸಮ. ಹಳದಿ ಹೊಟ್ಟು ಗಂಜಿ ಅಕ್ಕಿ ಥರ ದಪ್ಪ ದಪ್ಪ ಬೀಳ್ತಿದೆ, ಮೊದ್ಲು ಗಂಧ ತೇಯ್ದ ಹಂಗೆ ಹಿಟ್ಟು ಬರ್ತಿತ್ತು.

ಆದ್ರೆ ಈಗ ಇನ್ನೊಂದು. 6 ಇಂಚಿನ ಹಲಗೆ ಮೇಲುಗಡೆಗೂ ಕೆಳಗಡೆಗೂ ದಪ್ಪದಲ್ಲಿ ಒಂದು ಮಿಲಿಮೀಟ್ರಿಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ. ಪೂರ್ತಿ ಉದ್ದಕ್ಕೂ ಹಂಗೇ, ಓರೆ. ಟೇಬಲ್‌ಗೆ ಮೂಲೆಮಟ್ಟ ಇಟ್ಟು ನೋಡಿದೀನಿ, 90 ಡಿಗ್ರಿ ಸರಿ ಇದೆ. 3 ಇಂಚಿಂದು ಹಾಕಿದ್ರೆ ಈ ವ್ಯತ್ಯಾಸ ಕಾಣ್ಸೋದೇ ಇಲ್ಲ. ಇದಕ್ಕಾದ್ರೂ ಹೊಸ ಗೈಡ್ ಬೇಕಾ?

---

ಕಡಲ ಬದಿ ಆಚಾರಿ

ಒಂದು ಮಿಮಿ ಅಲ್ವಾ, ಕೀಸುಳಿ ಹೊಡ್ದು ತೆಗೀಲಿಕ್ಕೆ ಆಗುದಿಲ್ವಾ? ನಾವು ಹೇಗೂ ಪ್ಲೇನರಿಗೆ ಹಾಕಿಯೇ ಹಾಕ್ತೇವೆ. ಇಷ್ಟಕ್ಕೆಲ್ಲ ತಲೆ ಕೆಡಿಸ್ಕೊಂಡ್ರೆ ಮಂಟಪ ಯಾವಾಗ ಆಗುದು.

---

ಪೀಣ್ಯ ಫಿಟ್ಟರ್

ಆಚಾರ್ರೇ, ಅವರ ಹತ್ರ ಪ್ಲೇನರ್ ಇಲ್ಲ ಅನ್ಸತ್ತೆ. ಮೂರು ನೂಲು ಹಲಗೇಲಿ ಒಂದು ಮಿಮಿ ಅಂದ್ರೆ ಕಮ್ಮಿ ಅಲ್ಲ.

ಹವ್ಯಾಸಿ ಸಾರ್, ನೀವೇ ಉತ್ತರ ಬರ್ದಿದೀರ. 3 ಇಂಚಲ್ಲಿ ಸರಿ, 6 ಇಂಚಲ್ಲಿ ಓರೆ. ಒಂದು ಪರೀಕ್ಷೆ ಮಾಡಿ. ಮೇಲಿನ ಗೈಡನ್ನ ಟೇಬಲ್‌ಗೆ ಒಂದು ಇಂಚು ಹತ್ರ ಇಳಿಸಿ, ಎರಡೂ ಕಡೆ ಹಾಳೆ ಇಟ್ಟು ಸಂದು ಸಮ ಮಾಡಿ. ಆಮೇಲೆ ಗೈಡಿನ ಸ್ಕ್ರೂ ಮುಟ್ದೆ ರಾಡ್ ಮಾತ್ರ ಮೇಲಕ್ಕೆತ್ತಿ 6 ಇಂಚಿಗೆ ತಗೊಂಡ್ಹೋಗಿ ಲಾಕ್ ಮಾಡಿ. ಈಗ ಸಂದು ನೋಡಿ. ಒಂದು ಕಡೆ ಕಚ್ಕೊಂಡು ಇನ್ನೊಂದು ಕಡೆ ಬಾಯಿ ಬಿಟ್ಟಿರತ್ತೆ.

ರಾಡು ಬ್ಲೇಡಿಗೆ ಸಮಾನಾಂತರ ಇಲ್ಲ, ಅಷ್ಟೇ ರೋಗ. ನೀವು ಕೆಳಗೆ ಸೆಟ್ ಮಾಡಿ ಮೇಲಕ್ಕೆ ಎತ್ತಿದಾಗ ಗೈಡೇ ಬ್ಲೇಡನ್ನ ಪಕ್ಕಕ್ಕೆ ತಳ್ತಿದೆ, ಬ್ಲೇಡು ಮೇಲೆ ಒಂದು ಕಡೆ ಕೆಳಗೆ ಒಂದು ಕಡೆ. ಅದೇ ರಾಡಿಗೆ 11 ಸಾವಿರದ ಬೇರಿಂಗ್ ನೇತಾಕಿದ್ರೂ ಅದೂ ಅಷ್ಟೇ ತಳ್ಳತ್ತೆ, ಸ್ವಲ್ಪ ನುಣ್ಣಗೆ ತಳ್ಳತ್ತೆ ಅಷ್ಟೇ. ಖರ್ಚಿಲ್ಲದ ದಾರಿ ಅಂದ್ರೆ ಎತ್ತರ ಬದಲಾಯಿಸಿದಾಗೆಲ್ಲಾ ಅದೇ ಎತ್ತರದಲ್ಲಿ ಗೈಡ್ ಹೊಸದಾಗಿ ಸೆಟ್ ಮಾಡೋದು. ರಾಡ್ ಹಿಡ್ಕೊಂಡಿರೋ ಬ್ರಾಕೆಟ್ ಬೋಲ್ಟ್ ಮೇಲೆ ಕೂತಿದ್ರೆ ಹಿಂದೆ ಪ್ಯಾಕಿಂಗ್ ಕೊಟ್ಟು ಪೂರ್ತಿ ಸರಿ ಮಾಡಬಹುದು. ಬೀಡಿನಲ್ಲೇ ತೂತು ಕೊರೆದು ರಾಡ್ ಕೂರ್ಸಿದ್ರೆ ಆಗಲ್ಲ, ಆಗ ಮೊದಲ್ನೇ ದಾರೀನೇ.

---

ತುಂಗಾತೀರದ ಹವ್ಯಾಸಿ (ಭಾನುವಾರ)

ಸಾರ್ ನೀವು ಶೆಡ್ಡೊಳಗೆ ಬಂದು ನೋಡ್ದಂಗೆ ಹೇಳಿದ್ರಿ. ಎತ್ತಿದ ತಕ್ಷಣ ಎಡಗಡೆ ಕಚ್ಕೊಳ್ತು, ಬಲಗಡೆ ಸಂದಿಲಿ ಬೆಳಕು ಕಾಣ್ತಿತ್ತು. ಅಳ್ದೆ, 5 ಇಂಚು ಎತ್ತಿದ್ರೆ 1.2 ಮಿಮಿ ಓಡತ್ತೆ.

ನನ್ನದು 25 ಮಿಮಿ ಚೌಕ ರಾಡು, ಬ್ರಾಕೆಟ್ಟು ನಾಲ್ಕು ಬೋಲ್ಟ್ ಮೇಲೆ ಮಿಷಿನ್ ಪಕ್ಕಕ್ಕೆ ಕೂತಿದೆ, ಮೇಲಿನ ಬೋಲ್ಟಿಂದ ಕೆಳಗಿನ ಬೋಲ್ಟಿಗೆ 60 ಮಿಮಿ. ಲೆಕ್ಕ ಬರಿಯೋನಲ್ವಾ, ತ್ರೈರಾಶಿ ಹಾಕಿದೆ. 125ಕ್ಕೆ 1.2 ಆದ್ರೆ 60ಕ್ಕೆ ಎಷ್ಟು, 0.58 ಬಂತು. ಮನೇಲಿ ಅಷ್ಟು ದಪ್ಪದ್ದು ಏನಿದೆ ಅಂತ ಕ್ಯಾಲಿಪರ್ ಹಿಡ್ಕೊಂಡು ಹುಚ್ಚನ ಥರ ಓಡಾಡ್ದೆ, ಬಿಸ್ಕತ್ ಡಬ್ಬಿ ತಗಡು ಕಮ್ಮಿ, ಬೀಗದ ಪಟ್ಟಿ ಜಾಸ್ತಿ, ಕೊನೆಗೆ ಮುರ್ದಿದ್ದ ಹ್ಯಾಕ್‌ಸಾ ಬ್ಲೇಡ್ ಅಳ್ದೆ, 0.6! ಬಣ್ಣ ಕೆರ್ದು ಎರಡು ತುಂಡು ಮಾಡಿ ಕೆಳಗಿನ ಎರಡು ಬೋಲ್ಟಿನ ಹಿಂದೆ ಸೇರ್ಸಿ ಬಿಗಿ ಮಾಡ್ದೆ. ಈಗ ಮೇಲಿಂದ ಕೆಳಗೆ ಎಲ್ಲಿ ನಿಲ್ಸಿದ್ರೂ ಸಂದು ಒಂದೇ.

ಒಂದು ಹಲಗೇಲಿ ನಾಲ್ಕು ಸೀಳಿದೆ. ಎರಡು ತುದಿ, ನಡು, ಮೇಲೆ ಕೆಳಗೆ ಅಳ್ದೆ, ಕಾಲು ಮಿಮಿ ಒಳಗೇ ಇದೆ ಎಲ್ಲಾ. ಬ್ಲೇಡು, ಬೇರಿಂಗು, ಬಸ್ ಚಾರ್ಜು ಎಲ್ಲಾ ಸೇರಿ 1,400 ಆಯ್ತು. ಭಾವನಿಗೆ ಹೇಳ್ಲಿಲ್ಲ, ಅವ್ರು ಗೆದ್ದೆ ಅಂತಾರೆ. ಅಂದಹಾಗೆ ಆನ್‌ಲೈನ್ ಸೆಟ್‌ನ ವಿವರ ಪೂರ್ತಿ ಓದಿದೆ, ಅದು ನನ್ನ ಚೌಕ ರಾಡಿಗೆ ಕೂರ್ತಾನೇ ಇರ್ಲಿಲ್ಲ.

ಒಂದೇ ಒಂದು ಬಾಕಿ. ಪಕ್ಕದ ಕಬ್ಬಿಣದ ತುಂಡುಗಳ ಮುಖ ಓರೆ ಸವದಿದೆ, ಅರ ಹಾಕಿ ಸಮ ಮಾಡ್ಲಾ, ಇಲ್ಲ ಹುಣಸೆ ಮರ ಹುಡುಕ್ಲಾ?

---

ಹುಬ್ಳಿ ಕಟ್ಟಿಗಿ ಅಡ್ಡೆ

ಹುಣಸಿ ಚೇಗು ತಗೋರಿ, ಹಸಿದು ಬ್ಯಾಡ, ಕಪ್ಪಗ ಆಗಿರಬೇಕು. ಮೇಣದಬತ್ತಿ ಕರಗಿಸಿ ಅದರಾಗ ಸಣ್ಣ ಉರಿ ಮ್ಯಾಲೆ ಗುಳ್ಳಿ ನಿಲ್ಲೂತನಕ ಇಡ್ರಿ. ಮನಿಯಾಗ ಅಡಗಿ ಮಾಡೂ ಪಾತ್ರಿ ತಗೋಬ್ಯಾಡ್ರಿ, ನಾ ಒಮ್ಮಿ ಬೈಸ್ಕೊಂಡೀನಿ.

---

ಒಹಾಯೋ ಹಳ್ಳಿಹೈದ

ಇಲ್ಲಿ ಇದನ್ನೇ ಗ್ರಾಫೈಟ್ ಸೇರಿಸಿದ ಫಿನಾಲಿಕ್ ತುಂಡು ಮಾಡಿ ಕೂಲ್ ಬ್ಲಾಕ್ಸ್ ಅಂತ ಪ್ಯಾಕೆಟ್‌ನಲ್ಲಿ ಮಾರ್ತಾರೆ. ಹುಣಸೆ ಮರ ಸಿಕ್ಕಿದ್ರೆ ನಾನೂ ಅದನ್ನೇ ಹಾಕ್ತಿದ್ದೆ, ಇಲ್ಲಿ ಹುಣಸೇಹಣ್ಣೇ ಇಂಡಿಯನ್ ಅಂಗಡೀಲಿ ತರ್ಬೇಕು.

---

ಕಡಲ ಬದಿ ಆಚಾರಿ

ಕಾಲು ಮಿಮಿಯಾ! ನನ್ನ ಬೇರಿಂಗ್ ಗೈಡಲ್ಲಿ ಅಷ್ಟು ಬರ್ತದಾ ಅಂತ ಇವತ್ತೇ ಅಳೆದು ನೋಡ್ಬೇಕು. ರಾಡ್ ಎತ್ತಿ ನೋಡುವ ಪರೀಕ್ಷೆ ನಾಲ್ಕು ವರ್ಷದಲ್ಲಿ ಒಂದು ಸಲವೂ ಮಾಡಿಲ್ಲ ಮಾರಾಯ್ರೆ.

---

ಪೀಣ್ಯ ಫಿಟ್ಟರ್

ಹವ್ಯಾಸಿ ಸಾರ್, ಕಬ್ಬಿಣದ್ದನ್ನ ಅರ ಹಾಕಿ ಸಮ ಮಾಡಿದ್ರೂ ನಡಿಯತ್ತೆ, ಆದ್ರೆ ಹೈಲಂ ಹಾಕಿ ನೋಡಿ, ಎಲೆಕ್ಟ್ರಿಕಲ್ ಪ್ಯಾನೆಲ್‌ಗೆ ಹಾಕೋ ಕಂದು ಬಣ್ಣದ ಶೀಟು, ಒಹಾಯೋ ಅವ್ರು ಹೇಳಿದ್ದರ ದಾಯಾದಿ. ಬಿಸಿಗೆ ಕರಗಲ್ಲ, ಬ್ಲೇಡು ತಾಗಿದ್ರೂ ಕಿಡಿ ಬರಲ್ಲ, ಸದ್ದೂ ಕಮ್ಮಿ. ಸವದ್ರೆ ಉಪ್ಪು ಕಾಗದದ ಮೇಲೆ ನಾಲ್ಕು ಸಲ ಉಜ್ಜಿ ಮತ್ತೆ ಹಾಕೋದು. ನಮ್ಮ ಶೆಡ್ಡಲ್ಲಿ 12 ಮಿಮಿದು ತುಂಡು ಬೇಕಾದಷ್ಟು ಬಿದ್ದಿದೆ. ನಿಮ್ಮ ತುಂಡಿನ ಉದ್ದ ಅಗಲ ದಪ್ಪ ಬರೆದು ಕಳ್ಸಿ, ಎಂಟು ಕತ್ತರ್ಸಿ ರಾತ್ರಿ ತೀರ್ಥಹಳ್ಳಿ ಬಸ್ಸಿಗೆ ಹಾಕ್ತೀನಿ, ಬೆಳಿಗ್ಗೆ ಸ್ಟ್ಯಾಂಡಲ್ಲಿ ಇಸ್ಕೊಳಿ. ದುಡ್ಡು ಬೇಡ, ಹಲಸಿನ ಹಪ್ಪಳ ಇದ್ರೆ ಅದೇ ಬಸ್ಸಲ್ಲಿ ಕಳ್ಸಿ.